ಸಂಘದ ವಂತಿಗೆ ಕಡ್ಡಾಯವೇ?

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಈಚೆಗೆ ನನ್ನ ವೇತನ ಚೀಟಿಯಲ್ಲಿ ನೌಕರರ ಸಂಘವೊಂದರ ವಂತಿಗೆ ಕಡಿತವಾಗಿದೆ. ನಾನು ಯಾವ ಅರ್ಜಿಗೂ ಸಹಿ ಹಾಕಿಲ್ಲ. ಕೇಳಿದರೆ ‘ಎಲ್ಲರದ್ದೂ ಹಿಡಿದಿದ್ದೇವೆ’ ಎಂದರು. ಇಂಥ ಕಡಿತ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ ಎನ್ನುತ್ತಾರೆ ಅಮೆರಿಕದಲ್ಲಿರುವ ನನ್ನ ಭಾವ. ಆ ತೀರ್ಪು ನಮಗೂ ಅನ್ವಯಿಸುತ್ತದೆಯೇ? ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಶ್ನಿಸಿದರೆ ನೋಟಿಸ್ ಬರುತ್ತದೆಯೇ?
— ಶಿಕ್ಷಕಿ, ಚಿತ್ತಾಪುರ ತಾಲ್ಲೂಕು

ಉತ್ತರ: ತಂಗಿ, ‘ಎಲ್ಲರದ್ದೂ ಹಿಡಿದಿದ್ದೇವೆ’ ಎಂಬುದು ಉತ್ತರವೇ ಅಲ್ಲ. ನಾನು ಕಲಬುರಗಿಯ ಖಜಾನೆಯಲ್ಲಿ ವೇತನ ಬಿಲ್ಲುಗಳನ್ನು ನೋಡುತ್ತಲೇ ನಿವೃತ್ತಳಾದವಳು. ನಿಮ್ಮ ಚೀಟಿಯ ಕಡಿತದ ಕಡೆ ಕಣ್ಣು ಹಾಯಿಸಿ. ಆದಾಯ ತೆರಿಗೆ, ವೃತ್ತಿ ತೆರಿಗೆ, ಕೆಜಿಐಡಿ (ರಾಜ್ಯ ಸರ್ಕಾರಿ ವಿಮಾ ಇಲಾಖೆ) ಕಂತು: ಇವುಗಳಿಗೆ ಕಾಯ್ದೆಯ, ನಿಯಮದ ಬೆಂಬಲವಿದೆ, ನಿಮ್ಮ ಒಪ್ಪಿಗೆ ಯಾರೂ ಕೇಳಬೇಕಿಲ್ಲ. ಸಂಘದ ವಂತಿಗೆ ಅದೇ ಪಟ್ಟಿಯಲ್ಲಿ ಅಚ್ಚಾಗಿದ್ದರೂ ಅವುಗಳ ಜಾತಿಯದಲ್ಲ. ಸದಸ್ಯರಾಗುವವರು ಮನಸಾರೆ ಕೊಡುವ ಹಣ ಅದು.

ಮೊತ್ತ ಚಿಕ್ಕದು, ಬಿಟ್ಟುಬಿಡಿ ಎನ್ನುವವರು ಇರುತ್ತಾರೆ. ನಾನು ಒಪ್ಪುವುದಿಲ್ಲ. ಕೇಂದ್ರ ಸರ್ಕಾರದ ನೌಕರರ ಸಂಘಗಳಿಗೆ ಮಾನ್ಯತೆ ಕೊಡಲು 1993ರ ನಿಯಮಗಳಿವೆ. ಅಲ್ಲಿ ಸಂಘದ ಬಲವನ್ನು ಅಳೆಯುವುದೇ ವೇತನದಿಂದ ಕಡಿತವಾದ ವಂತಿಗೆಯ ಲೆಕ್ಕದಿಂದ. ಒಂದು ವರ್ಗದ ನೌಕರರಲ್ಲಿ ಶೇ 35ರಷ್ಟು ಸದಸ್ಯರಿರಬೇಕು. ಆ ನಿಯಮ ನಿಮಗೆ ಅನ್ವಯಿಸದಿದ್ದರೂ ಅದರ ತಿರುಳನ್ನು ಗಮನಿಸಿ. ನಿಮ್ಮ ವಂತಿಗೆ ಹೋದ ಕಡೆ ನಿಮ್ಮ ಹೆಸರೂ ಹೋಗುತ್ತದೆ. ‘ನನ್ನ ಹಿಂದೆ ಇಷ್ಟು ಸಾವಿರ ನೌಕರರಿದ್ದಾರೆ’ ಎಂದು ಮುಖಂಡರು ಮಂತ್ರಿಗಳೆದುರು ಹೇಳುವಾಗ ಆ ಎಣಿಕೆಯಲ್ಲಿ ನೀವೂ ಇರುತ್ತೀರಿ. ನಿಮ್ಮನ್ನು ಕೇಳದೆ ನಿಮ್ಮ ಹೆಸರಿನಲ್ಲಿ ಮಾತನಾಡುವ ಅಧಿಕಾರ ಯಾರಿಗೂ ಇಲ್ಲ.

ನಿಮ್ಮ ಭಾವ ಹೇಳಿದ್ದು ಜೇನಸ್ ಪ್ರಕರಣ. ಮಾರ್ಕ್ ಜೇನಸ್ ಇಲಿನಾಯ್ ರಾಜ್ಯದಲ್ಲಿ ಮಕ್ಕಳ ಜೀವನಾಂಶಕ್ಕೆ ಸಂಬಂಧಿಸಿದ ಕೆಲಸ ನೋಡುತ್ತಿದ್ದ ಸರ್ಕಾರಿ ನೌಕರ. ತಾನು ಸೇರದ ಯೂನಿಯನ್ನಿಗೆ ತಿಂಗಳಿಗೆ ಸುಮಾರು 45 ಡಾಲರ್ ಕೊಡಬೇಕಾಗಿತ್ತು. ಅಲ್ಲಿ ಬಹುಮತದಿಂದ ಆಯ್ಕೆಯಾದ ಯೂನಿಯನ್ ಸದಸ್ಯರಲ್ಲದವರ ಪರವಾಗಿಯೂ ಚೌಕಾಸಿ ಮಾಡಲೇಬೇಕು. ಆದ್ದರಿಂದ ಅವರೂ ಖರ್ಚಿನ ಪಾಲು ಕೊಡಲಿ ಎಂಬ ಕಾನೂನು ಹಲವು ರಾಜ್ಯಗಳಲ್ಲಿತ್ತು. ಡೆಟ್ರಾಯಿಟ್‌ನ ಶಿಕ್ಷಕರ ಪ್ರಕರಣದಲ್ಲಿ 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಇದನ್ನು ಎತ್ತಿಹಿಡಿದಿತ್ತು. 2018ರ ಜೂನ್ 27ರಂದು ಜೇನಸ್ ಪ್ರಕರಣದಲ್ಲಿ ಐದು–ನಾಲ್ಕರ ಬಹುಮತದಿಂದ ತನ್ನ ಆ ಹಳೆಯ ತೀರ್ಪನ್ನು ತಳ್ಳಿಹಾಕಿತು. ಸರ್ಕಾರದೊಂದಿಗೆ ಸಂಬಳ, ಪಿಂಚಣಿಯ ಮಾತುಕತೆ ಎಂದರೆ ಸಾರ್ವಜನಿಕ ಹಣದ ಪ್ರಶ್ನೆ. ಅದಕ್ಕಾಗಿ ಬಲವಂತದಿಂದ ಹಣ ಪಡೆಯುವುದು ಒಪ್ಪದ ಮಾತನ್ನು ಆಡಿಸಿದಂತೆ ಎಂಬುದು ಬಹುಮತದ ವಾದ.

ಆ ತೀರ್ಪು ನಮ್ಮನ್ನು ಕಟ್ಟಿಹಾಕುವುದಿಲ್ಲ. ನಿಮಗೆ ಅದರ ಅಗತ್ಯವೂ ಇಲ್ಲ, ಏಕೆಂದರೆ ಅಲ್ಲಿ ಕಾನೂನೇ ಬಲವಂತ ಮಾಡುತ್ತಿತ್ತು. ನಿಮ್ಮ ಮೇಲೆ ಹಾಗೆ ಯಾವ ಕಾನೂನೂ ಬಂದಿಲ್ಲ. ವೇತನ ಬಟವಾಡೆ ಅಧಿಕಾರಿಗೆ ಒಂದು ಅರ್ಜಿ ಬರೆಯಿರಿ: ‘ಈ ಕಡಿತಕ್ಕೆ ನಾನು ಕೊಟ್ಟ ಒಪ್ಪಿಗೆ ಪತ್ರದ ಪ್ರತಿ ಕೊಡಿ; ಇಲ್ಲವಾದರೆ ಮುಂದಿನ ಬಿಲ್ಲಿನಿಂದ ನಿಲ್ಲಿಸಿ.’ ಎರಡು ಪ್ರತಿ ಮಾಡಿ. ಒಂದರ ಮೇಲೆ ಸ್ವೀಕೃತಿಯ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಕಚೇರಿಯಲ್ಲಿ ಕಡತವಿಲ್ಲ.

ಇನ್ನು ಗುಂಪಿನಲ್ಲಿ ಬರೆಯುವ ವಿಚಾರ. ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವುದಕ್ಕೆ ನಡತೆ ನಿಯಮಗಳಲ್ಲಿ ಮಿತಿಯಿದೆ. ಸಂಘ ಸರ್ಕಾರವಲ್ಲ. ಅದರ ಲೆಕ್ಕ ಕೇಳಿದರೆ ಸರ್ಕಾರದ ಟೀಕೆಯಾಗದು. ವಿಷಯಕ್ಕೆ ಅಂಟಿಕೊಂಡು, ಯಾರನ್ನೂ ಏಕವಚನದಲ್ಲಿ ಕರೆಯದೆ ಬರೆಯಿರಿ. ನೌಕರಿಗೆ ಸೇರಿದ ದಿನ ಬಾಯಿ ಹೊಲಿದುಕೊಳ್ಳಬೇಕು ಎಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಪ್ರದರ್ಶನಗಳನ್ನೆಲ್ಲ ನಿಷೇಧಿಸಿದ್ದ ಬಿಹಾರದ ನಿಯಮವನ್ನು 1962ರಲ್ಲಿ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆ ಮಟ್ಟಿಗೆ ರದ್ದು ಮಾಡಿತು. ಮುಷ್ಕರವನ್ನು ಮಾತ್ರ ಹಕ್ಕೆಂದು ಒಪ್ಪಲಿಲ್ಲ. ತ್ರಿಪುರಾದ ಮೀನುಗಾರಿಕೆ ಇಲಾಖೆಯ ಗುಮಾಸ್ತೆ ಲಿಪಿಕಾ ಪಾಲ್ ಅವರನ್ನು ರಾಜಕೀಯ ಸಭೆಗೆ ಹೋಗಿದ್ದಕ್ಕೆ, ಫೇಸ್‌ಬುಕ್ಕಿನಲ್ಲಿ ಬರೆದಿದ್ದಕ್ಕೆ ನಿವೃತ್ತಿಯ ಹೊಸ್ತಿಲಲ್ಲಿ ಅಮಾನತು ಮಾಡಿದ್ದರು. ಸರ್ಕಾರಿ ನೌಕರರಿಗೂ ವಾಕ್ ಸ್ವಾತಂತ್ರ್ಯವಿದೆ ಎಂದು 2020ರಲ್ಲಿ ಅಲ್ಲಿನ ಹೈಕೋರ್ಟ್ ಅವರ ಪರವಾಗಿ ನಿಂತಿತು.

ಪ್ರಶ್ನೆ: ನನ್ನ ಯಜಮಾನರು ಪೊಲೀಸ್ ಕಾನ್‌ಸ್ಟೆಬಲ್. ಅವರೂ ಸಂಘ ಕಟ್ಟಬಹುದೇ?
— ಗೃಹಿಣಿ, ಯಾದಗಿರಿ

ಉತ್ತರ: ತಾಯಿ, ಪೊಲೀಸರ ಮಾತು ಬೇರೆ. ಸಂವಿಧಾನದ 33ನೇ ವಿಧಿ ಮತ್ತು 1966ರ ಪೊಲೀಸ್ ಪಡೆಗಳ (ಹಕ್ಕುಗಳ ನಿರ್ಬಂಧ) ಕಾಯ್ದೆಯಂತೆ ಅನುಮತಿಯಿಲ್ಲದೆ ಅವರು ಕಾರ್ಮಿಕ ಸಂಘ ಸೇರುವಂತಿಲ್ಲ, ಪತ್ರಿಕೆಗಳಿಗೆ ಬರೆಯುವುದಕ್ಕೂ ನಿರ್ಬಂಧವಿದೆ. ಕುಂದುಕೊರತೆಗಳನ್ನು ಮೇಲಧಿಕಾರಿಗಳಿಗೆ ಲಿಖಿತವಾಗಿಯೇ ಸಲ್ಲಿಸಲಿ.

ಪ್ರಶ್ನೆ: ಮೇಡಂ, ನಾನು ತಾಲ್ಲೂಕು ಸಂಘದ ಪದಾಧಿಕಾರಿ. ಹೋರಾಟ ನಮ್ಮದು, ಲಾಭ ಎಲ್ಲರದು. ವಂತಿಗೆ ಕೊಡದವರು ವೇತನ ಹೆಚ್ಚಳ ಮಾತ್ರ ಬಿಡುವುದಿಲ್ಲ. ಇದು ನ್ಯಾಯವೇ?
— ಒಬ್ಬ ನೌಕರ, ಭಾಲ್ಕಿ

ಉತ್ತರ: ನಿಮ್ಮ ನೋವು ಸುಳ್ಳಲ್ಲ, ಸಹೋದರರೇ. 2023ರ ಮಾರ್ಚ್ 1ರಂದು ರಾಜ್ಯದಾದ್ಯಂತ ಕಚೇರಿಗಳು ಖಾಲಿಯಾಗದಿದ್ದರೆ ಅಂದೇ ಶೇ 17ರ ಮಧ್ಯಂತರ ಪರಿಹಾರದ ಆದೇಶ ಹೊರಬೀಳುತ್ತಿತ್ತೇ? ಅದು ಸೇರಿದ್ದು ವಂತಿಗೆ ಕೊಟ್ಟವರ ಸಂಬಳಕ್ಕೆ ಮಾತ್ರವಲ್ಲ. 2024ರ ಆಗಸ್ಟ್‌ನಿಂದ ಬಂದ ಏಳನೇ ವೇತನ ಆಯೋಗದ ಪರಿಷ್ಕರಣೆಯೂ ಎಲ್ಲರಿಗೂ ಸಿಕ್ಕಿತು. ಡೆಟ್ರಾಯಿಟ್ ಪ್ರಕರಣದಲ್ಲಿ ಗೆದ್ದದ್ದು ನಿಮ್ಮದೇ ವಾದ. ಜೇನಸ್ ಪ್ರಕರಣದಲ್ಲಿ ಭಿನ್ನಮತ ಬರೆದ ನ್ಯಾಯಮೂರ್ತಿ ಎಲಿನಾ ಕೇಗನ್ ಅದನ್ನೇ ಬಲವಾಗಿ ಸಮರ್ಥಿಸಿದರು. ಸದಸ್ಯರಾಗಬಲ್ಲವರು ಸದಸ್ಯರಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಸೇವೆಯಲ್ಲಿ ಇರುವವರೆಗೂ ವಂತಿಗೆ ಕೊಟ್ಟಿದ್ದೇನೆ.

ಆದರೆ ಕೇಳದೆ ಹಿಡಿದ ಹಣದಿಂದ ಸಂಘ ಗಟ್ಟಿಯಾಗುವುದಿಲ್ಲ. ಹಾಗೆ ಹಿಡಿಸಿಕೊಂಡವರು ಹೋರಾಟದ ದಿನ ರಜೆ ಹಾಕಿ ಮನೆಯಲ್ಲಿ ಕೂರುತ್ತಾರೆ. ರಸೀದಿ ಪುಸ್ತಕ, ಒಪ್ಪಿಗೆ ಪತ್ರ ಹಿಡಿದು ಶಾಲೆ, ಆಸ್ಪತ್ರೆ, ನಾಡಕಚೇರಿಗಳಿಗೆ ಹೋಗಿ. ಕಳೆದ ವರ್ಷದ ಜಮಾ–ಖರ್ಚನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಎಲ್ಲರ ಕೈಗೂ ಕೊಡಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಅಡಿಯ ಬಡ್ತಿಯ ಕಡತ ಎಲ್ಲಿ ನಿಂತಿದೆ, ಅದಕ್ಕೆ ಸಂಘ ಏನು ಮಾಡಿದೆ ಎಂದು ಹೇಳಿ. ನಮ್ಮ ಭಾಗದ ನೌಕರರು ಮೊದಲು ಕೇಳುವುದು ಅದನ್ನೇ. ಸಹಿ ಹಾಕದವರ ಹೆಸರನ್ನು ಗುಂಪಿನಲ್ಲಿ ಹಾಕಬೇಡಿ. ಮುಂದಿನ ವರ್ಷ ಮತ್ತೆ ಹೋಗಿ ಕೇಳಿ.