ರಟ್ಟು, ಪೇಪರ್, ತಂತಿಯಿಂದ ಮೈಮೇಲೆ ತೊಡುವ ಶಿಲ್ಪ: ಎಲ್ಲಿಂದ ಶುರು ಮಾಡೋದು?

ಕಾಲೇಜು ಕಾರ್ಯಕ್ರಮಕ್ಕೆ ಗೆಳತಿಯನ್ನು ನಿಲ್ಲಿಸಿಕೊಂಡು, ಅವಳ ಮೈಮೇಲೆಯೇ ರಟ್ಟು, ಪೇಪರ್, ತಂತಿಯಿಂದ ಶಿಲ್ಪ ಕಟ್ಟಬೇಕು, ಖರ್ಚು ಜಾಸ್ತಿ ಆಗಬಾರದು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ನಾಟಕಗಳಿಗೆ ವೇಷ ಮಾಡಿಕೊಡುತ್ತೇನೆ. ನನ್ನ ಉತ್ತರ: ಹೆಗಲಿನಿಂದ ಶುರು ಮಾಡಿ. ಇಲ್ಲವೇ ಸೊಂಟದಿಂದ. ಭಾರ ಎಲ್ಲಿ ಕೂರುತ್ತದೆ ಅನ್ನೋದು ಇತ್ಯರ್ಥ ಆಗುವವರೆಗೂ ಆಕಾರದ ಚಿಂತೆ ಬೇಡ.

ನಮ್ಮ ಕಡೆಯ ದೊಡ್ಡಾಟ, ಅಂದರೆ ಬಯಲಾಟ, ನೋಡಿದ್ದೀರಾ? ಭುಜಕೀರ್ತಿ (ಹೆಗಲ ಮೇಲಿನ ಆಭರಣ), ಕಿರೀಟ ಎಲ್ಲ ಕಟ್ಟಿಕೊಂಡು ರಾತ್ರಿಯಿಡೀ ಕುಣಿಯುತ್ತಾರೆ. ನೋಡೋಕೆ ಬಂಗಾರ. ಒಳಗೆ ಹಗುರ ಮರ, ಮೇಲೆ ಬೇಗಡೆ (ಹೊಳೆಯುವ ತೆಳು ಹಾಳೆ), ಕನ್ನಡಿ ಚೂರು, ಅಷ್ಟೇ. ಆಟಕ್ಕೆ ಮುಂಚೆ ಬಣ್ಣ ಹಚ್ಚುವ ಕಡೆ ಹೋಗಿ, ದಾರಗಳನ್ನು ಎಲ್ಲೆಲ್ಲಿ ಕಟ್ಟುತ್ತಾರೆ ನೋಡಿ. ಹತ್ತು ವಿಡಿಯೋ ನೋಡುವುದಕ್ಕಿಂತ ಅದು ಮೇಲು.

ಮೊದಲು ಹೆಗಲಿಗೆ ಎರಡು ಪಟ್ಟಿ, ಬೆನ್ನಿಗೆ ಅಡ್ಡ ಒಂದು, ಸೊಂಟಕ್ಕೆ ಒಂದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಹತ್ತಿರ ಸಿಗುವ ಕಟಿಂಗ್ ತುಂಡು ಇದಕ್ಕೆ ಸಾಕು, ಗಟ್ಟಿ ಬಟ್ಟೆ. ಇಡೀ ಶಿಲ್ಪವನ್ನೇ ಜೀನ್ಸಿನಲ್ಲಿ ಮಾಡಲು ಹೋಗಬೇಡಿ, ತೂಕಕ್ಕೆ ಹೆಗಲು ಬಿದ್ದುಹೋಗುತ್ತದೆ.

ಫ್ರಿಜ್ ಬಾಕ್ಸಿನ ರಟ್ಟಿನೊಳಗೆ ಅಲೆ ಅಲೆಯಾದ ಕಾಗದ ಇರುತ್ತದಲ್ವಾ? ಆ ಅಲೆಯ ಗೆರೆಗಳು ಮೇಲಿನಿಂದ ಕೆಳಕ್ಕೆ ಇರುವ ಹಾಗೆ ಹಿಡಿದರೆ ರಟ್ಟು ಮೈಸುತ್ತ ಸಲೀಸಾಗಿ ಬಾಗುತ್ತದೆ. ಅಡ್ಡ ಹಿಡಿದರೆ ಮುರಿಯುತ್ತದೆ. ಒಂದು ಬದಿಯ ಕಾಗದ ಸುಲಿದರೆ ಇನ್ನೂ ಮೆದು. ರೆಕ್ಕೆಯಂಥ ದೊಡ್ಡ ಆಕಾರಕ್ಕೆ ಹಳೇ ಪೇಪರನ್ನು ಮೂಲೆಯಿಂದ ಮೂಲೆಗೆ ಬಿಗಿಯಾಗಿ ಸುತ್ತಿ ಕೋಲು ಮಾಡಿ, ತ್ರಿಕೋನವಾಗಿ ಜೋಡಿಸಿ. ಚೌಕ ಮಾಡಿದರೆ ಓರೆಯಾಗುತ್ತದೆ, ತ್ರಿಕೋನ ಜಪ್ಪಯ್ಯ ಅಂದರೂ ಅಲುಗೋದಿಲ್ಲ.

ತಂತಿ ಬೇಕಾದರೆ, ಕಟ್ಟಡದ ಕಬ್ಬಿಣದ ಸರಳು ಬಿಗಿಯುವವರ ಬೈಂಡಿಂಗ್ ವೈರ್ ಸಾಕು, ಕೈಯಲ್ಲೇ ಬಾಗುತ್ತದೆ. ತುದಿ ಮಡಚಿ ಟೇಪ್ ಸುತ್ತಿ.

ಅಂಟಿನ ವಿಷಯ ಸ್ವಲ್ಪ ಜೋಪಾನ. ಕೊಪ್ಪಳದ ಕಿನ್ನಾಳ ಗೊಂಬೆಗಳಿಗೆ ಹುಣಸೆ ಬೀಜದ ಅಂಟು ಬಳಸುತ್ತಾರೆ. ನಿಮಗೆ ಮೈದಾ ಗಂಜಿ ನಡೆಯುತ್ತದೆ. ಆದರೆ ಪೋಸ್ಟರ್ ಅಂಟಿಸುವವರಿಂದ ತರಬೇಡಿ, ಹುಳ ಹಿಡಿಯದಿರಲಿ ಅಂತ ಅದಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್, ವಿಷ) ಹಾಕುವುದುಂಟು. ಬಿಸಿ ಅಂಟಿನ ಗನ್ ಮೈಮೇಲೆ ಬೇಡವೇ ಬೇಡ. ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಗಟ್ಟಿಯಾಗುವಾಗ ಬಿಸಿಯಾಗಿ ಚರ್ಮ ಸುಡಬಹುದು. ಅಳತೆ, ಗುರುತು, ಕಟ್ಟುವುದು ಮಾತ್ರ ಮೈಮೇಲೆ ಮಾಡಿ. ಅಂಟಿಸುವುದೆಲ್ಲ ನೆಲದ ಮೇಲೆ.

ಇನ್ನು ನಿಮ್ಮ ಗೆಳತಿ. ಅವಳು ಸ್ಟ್ಯಾಂಡ್ ಅಲ್ಲ. ಪೂರ್ತಿ ಉಸಿರು ಎಳೆದುಕೊಂಡಾಗ ಎದೆಯ ಅಳತೆ ತಗೊಳ್ಳಿ. ಒಳಗೆ ಹತ್ತಿ ಬಟ್ಟೆಯೇ ಇರಲಿ. ಇಲ್ಲಿ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಣಕಾಲು ಸೆಟೆದು ತುಂಬ ಹೊತ್ತು ನಿಂತರೆ ತಲೆಸುತ್ತು ಬರುತ್ತದೆ. ಆಗಾಗ ಕೂರಿಸಿ, ನೀರು ಕೊಡಿ. ಗಂಟುಗಳೆಲ್ಲ ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂತಿರಲಿ, ಕತ್ತರಿ ಪಕ್ಕದಲ್ಲೇ ಇರಲಿ. ಎಲ್ಲಿ ಚುಚ್ಚುತ್ತಿದೆ ಅಂತ ಕೇಳುತ್ತಲೇ ಇರಿ, ಹುಡುಗಿಯರು ಸಂಕೋಚಕ್ಕೆ ಸುಮ್ನೆ ನಿಂತುಬಿಡುತ್ತಾರೆ.

ಹಾಂ, ಇಡೀ ಶಿಲ್ಪವನ್ನು ಒಂದೇ ತುಂಡಾಗಿ ಮಾಡಬೇಡಿ. ಆಟೋ ಬಾಗಿಲಲ್ಲಿ ಹಿಡಿಸೋದಿಲ್ಲ. ರೆಕ್ಕೆ ಬೇರೆ, ಎದೆಯ ಭಾಗ ಬೇರೆ ಮಾಡಿ ಒಯ್ದು, ವೇದಿಕೆಯ ಪಕ್ಕದಲ್ಲಿ ಕಟ್ಟಿಕೊಳ್ಳಿ.