ತಿರುವಿನ ಮೇಲೆ ಮರದ ಟ್ರೆಸಲ್: ಹಳಿ ಮೊದಲು, ನೆಲ ಕೊನೆಗೆ

ನಿಮ್ಮ ಪ್ರಶ್ನೆ ಇದು: ಓಎನ್30 (1:48 ಅಳತೆಯ ಕಿರುಗೇಜ್ ಮಾದರಿ ರೈಲು) ಲೇಔಟ್‌ಗೆ ಮರದ ಟ್ರೆಸಲ್, ಅಂದರೆ ಕಂಬಗಳ ಸಾಲಿನ ಮೇಲೆ ನಿಲ್ಲುವ ರೈಲು ಸೇತುವೆ, ಕೊಲೊರಾಡೊ ಗುಡ್ಡಗಾಡಿನ ಮಾದರಿ, 610 ಮಿ.ಮೀ. ತ್ರಿಜ್ಯದಲ್ಲಿ ಕಾಲು ವೃತ್ತದ ತಿರುವು, ಹಳಿಯಿಂದ ಕಣಿವೆಯ ತಳಕ್ಕೆ 200 ಮಿ.ಮೀ. ಹಗುರ ಬಾಲ್ಸಾ ಮರ ಸಾಕೇ, ಎಲ್ಲಿಂದ ಶುರು ಮಾಡಬೇಕು?

ಬಾಲ್ಸಾ ಬೇಡ. ಉಗುರು ತಾಗಿದರೂ ಕುಳಿ ಬೀಳುತ್ತದೆ, ಕತ್ತರಿಸಿದ ತುದಿ ಚೂಪಾಗಿ ನಿಲ್ಲುವುದಿಲ್ಲ. ಹಾಬಿ ಅಂಗಡಿಯ ಬಾಸ್‌ವುಡ್ ಪಟ್ಟಿ ಉತ್ತಮ. ಚನ್ನಪಟ್ಟಣದ ಆಟಿಕೆಗೆ ಬಳಸುವ ಹಾಲೆ ಮರದ ತುಂಡು ಸಿಕ್ಕಿ, ಸಣ್ಣಗೆ ಸೀಳಿಸಿಕೊಳ್ಳಲು ಸಾಧ್ಯವಾದರೆ ಅದೂ ಚೆನ್ನ. ಅದರ ಎಳೆ ನುಣುಪು. ತೇಗದ ಚೂರು ಸುಲಭವಾಗಿ ಸಿಗುತ್ತದೆ, ಆದರೆ ಅದರ ಒರಟು ಎಳೆ 1:48ರಲ್ಲಿ ಎದ್ದು ಕಾಣುತ್ತದೆ. ಎಣ್ಣೆಯಂಶ ಇರುವುದರಿಂದ ಸ್ಪಿರಿಟ್‌ನಲ್ಲಿ ಒರೆಸದೆ ಅಂಟಿಸಿದರೆ ಬಿಟ್ಟುಕೊಳ್ಳುತ್ತದೆ.

ಅಳತೆಗೆ ಬರೋಣ. 1:48ರಲ್ಲಿ ಒಂದು ಅಡಿ ಎಂದರೆ 6.35 ಮಿ.ಮೀ. ಕಂಬ, ಕಂಬಗಳ ತಲೆಯ ಮೇಲಿನ ಅಡ್ಡ ತೊಲೆ (ಕ್ಯಾಪ್), ಬುಡದ ಅಡ್ಡ ತೊಲೆ (ಸಿಲ್) ಮೂರೂ ನಿಜದಲ್ಲಿ 12×12 ಇಂಚಿನವು, ಅಂದರೆ 6.35 ಮಿ.ಮೀ. ಚೌಕ. ಹಳಿಯ ಕೆಳಗೆ ಉದ್ದಕ್ಕೆ ಸಾಗುವ ತೊಲೆ (ಸ್ಟ್ರಿಂಗರ್) 8×16 ಇಂಚು, ಅಂದರೆ 4.2×8.5. ಸ್ಲೀಪರ್ 4.2 ಚೌಕ, 57 ಉದ್ದ. ಕಂಬಗಳನ್ನು ಬಿಗಿಯುವ ಓರೆಪಟ್ಟಿ 3×10 ಇಂಚು, ಅಂದರೆ 1.6×5.3. ಮಾದರಿ ಟ್ರೆಸಲ್‌ಗಳು ಸುಳ್ಳಾಗಿ ಕಾಣಲು ಮುಖ್ಯ ಕಾರಣ ಕಂಬಗಳು ಕಡ್ಡಿಯಂತೆ ತೆಳ್ಳಗಿರುವುದು. ಇಲ್ಲಿ ಜಿಪುಣತನ ಬೇಡ.

ನಿಜವಾದ ಟ್ರೆಸಲ್‌ಗಳಲ್ಲಿ ಒಂದು ಬೆಂಟ್‌ನಿಂದ (ಕ್ಯಾಪ್, ಕಂಬ, ಸಿಲ್ ಸೇರಿದ ಒಂದು ಚೌಕಟ್ಟು) ಇನ್ನೊಂದಕ್ಕೆ ಸಾಮಾನ್ಯವಾಗಿ 15 ಅಡಿಯ ಆಸುಪಾಸು. ನಿಮ್ಮ ತಿರುವನ್ನು 9 ಡಿಗ್ರಿಯ 10 ಭಾಗ ಮಾಡಿದರೆ ಪ್ರತಿ ಅಂತರ 95.7 ಮಿ.ಮೀ. ಆಗುತ್ತದೆ. ಅದು 15 ಅಡಿಗೆ ಸರಿಯಾಗಿ ಕೂರುತ್ತದೆ. ದಡದ ಎರಡನ್ನೂ ಸೇರಿಸಿ 11 ಬೆಂಟ್. ಪ್ರತಿ ಬೆಂಟ್‌ನ ಕ್ಯಾಪ್ ತುದಿ ತಿರುವಿನ ಕೇಂದ್ರದ ಕಡೆಗೆ ನೇರ ತೋರುವಂತೆ ನಿಲ್ಲಬೇಕು. ಒಂದಕ್ಕೊಂದು ಸಮಾಂತರ ಇಟ್ಟರೆ ಮೂರನೆಯ ಬೆಂಟ್‌ಗೇ ತಪ್ಪು ಕಾಣತೊಡಗುತ್ತದೆ.

ಸ್ಟ್ರಿಂಗರ್ ಬಾಗಿಸುವ ಕೆಲಸಕ್ಕೆ ಹೋಗಬೇಡಿ. ನಿಜವಾದ ಸೇತುವೆಯಲ್ಲೂ ತಿರುವಿನ ಮರ ನೇರವಾಗಿಯೇ ಇರುತ್ತದೆ, ತಿರುಗುವುದು ಹಳಿ ಮಾತ್ರ. ಪ್ರತಿ ಹಳಿಯ ಕೆಳಗೆ ಎರಡು ಸ್ಟ್ರಿಂಗರ್ ಜೋಡಿಸಿ. ಒಳಬದಿಯ ಜೋಡಿ ಸುಮಾರು 94.3, ಹೊರಬದಿಯದು 97.1 ಮಿ.ಮೀ. ಎರಡೂ ತುದಿಗೆ 4.5 ಡಿಗ್ರಿ ಓರೆ ಹಾಕಿ, ಕ್ಯಾಪ್‌ನ ನಡುವೆ ಸಂಧಿಸುವಂತೆ ಮಾಡಿ. ಈ ತ್ರಿಜ್ಯದಲ್ಲಿ ಹಳಿ, ನೇರ ಸ್ಟ್ರಿಂಗರ್‌ನ ನಡುಮಧ್ಯದಲ್ಲಿ 1.9 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಆದ್ದರಿಂದ ಸ್ಟ್ರಿಂಗರ್‌ಗಳನ್ನೆಲ್ಲ ಹೊರಬದಿಗೆ 1 ಮಿ.ಮೀ. ತಳ್ಳಿ ಕೂರಿಸಿ. ಆಗ ತಪ್ಪು ಎರಡೂ ಕಡೆ ಹಂಚಿಹೋಗಿ ಹಳಿ ಎಲ್ಲೂ ಮರ ಬಿಟ್ಟು ಹೋಗುವುದಿಲ್ಲ.

ಇನ್ನು ಬೆಂಟ್. ಹೆಚ್ಚಿನವರು ಎಡವುವುದು ಎತ್ತರದ ಲೆಕ್ಕದಲ್ಲಿ. ಕೋಡ್ 83 ಹಳಿ (0.083 ಇಂಚು ಎತ್ತರದ್ದು) 2.1, ಸ್ಲೀಪರ್ 4.2, ಸ್ಟ್ರಿಂಗರ್ 8.5, ಕ್ಯಾಪ್ 6.4, ಕೆಳಗೆ ಸಿಲ್ 6.4: ಒಟ್ಟು 27.6 ಮಿ.ಮೀ. ಇದನ್ನು 200ರಿಂದ ಕಳೆದು ಉಳಿದ 172ರಲ್ಲಿ ಕಂಬ ಬರಬೇಕು. ಅದು ನಿಜದಲ್ಲಿ 27 ಅಡಿ. ಹಾಗಾಗಿ ಎರಡು ಅಂತಸ್ತು ಮಾಡಿ, ನಡುವೆ 6.4ರ ಒಂದು ಅಡ್ಡ ತೊಲೆ ಕೊಡಿ. ಮೇಲಿನ ಅಂತಸ್ತು ಎಲ್ಲ ಬೆಂಟ್‌ಗಳಲ್ಲೂ ಒಂದೇ, 83 ಮಿ.ಮೀ. ಇರಲಿ. ನೆಲದ ಏರಿಳಿತಕ್ಕೆ ತಕ್ಕಂತೆ ಕೆಳಗಿನದನ್ನು ಮಾತ್ರ ಬದಲಿಸಿ. ದಡದ ಪಕ್ಕದ ಗಿಡ್ಡ ಬೆಂಟ್‌ಗಳಿಗೆ ಒಂದೇ ಅಂತಸ್ತು ಸಾಕು. ನಡುವಿನ ತೊಲೆಗಳೆಲ್ಲ ಒಂದೇ ಮಟ್ಟದಲ್ಲಿ ಸಾಗುವುದೇ ಟ್ರೆಸಲ್‌ನ ಅಂದ.

ಕ್ಯಾಪ್ 76 ಮಿ.ಮೀ., ಅದರ ಕೆಳಗೆ ನಾಲ್ಕು ಕಂಬ. ಒಳಗಿನ ಎರಡರ ನಡುಗೆರೆಗಳ ಅಂತರ 18, ಅಂದರೆ ಸ್ಟ್ರಿಂಗರ್ ಜೋಡಿಯ ನೇರ ಕೆಳಗೇ ಬರುತ್ತವೆ. ಹೊರಗಿನ ಎರಡರ ಅಂತರ 57. ಹೊರಗಿನವು 12ರ ಎತ್ತರಕ್ಕೆ 2.5ರಷ್ಟು ಹೊರಕ್ಕೆ ಓರೆ, ಅಂದರೆ 11.8 ಡಿಗ್ರಿ. ಒಳಗಿನವು 12ಕ್ಕೆ 1. ಈ ಓರೆಯಲ್ಲಿ 83ರ ಎತ್ತರಕ್ಕೆ ಹೊರಗಿನ ಕಂಬ 84.8 ಬೇಕು. ಅತಿ ಎತ್ತರದ ಬೆಂಟ್‌ನಲ್ಲಿ ನಡು ತೊಲೆ 112, ಸಿಲ್ 150 ಮಿ.ಮೀ.

ಇಷ್ಟನ್ನೂ ಪೂರ್ಣ ಅಳತೆಯಲ್ಲಿ ಬರೆದು ಪ್ಲೈವುಡ್ ಮೇಲೆ ಅಂಟಿಸಿ, ಗೆರೆಗಳ ಅಂಚಿಗೆ ಚಿಕ್ಕ ರೀಪು ಹೊಡೆದರೆ ಜಿಗ್ (ಜೋಡಣೆಯ ಅಚ್ಚು) ಸಿದ್ಧ. ಮೇಲೊಂದು ಬಟರ್ ಪೇಪರ್ ಹಾಸಿದರೆ ಅಂಟು ಹಿಡಿಯುವುದಿಲ್ಲ. ಅಂಟಿಗೆ ಫೆವಿಕಾಲ್ ಸಾಕು. ಸೂಪರ್ ಗ್ಲೂ ಬೇಡ, ಹೊಳೆಯುತ್ತದೆ, ಪೆಟ್ಟು ತಡೆಯುವುದಿಲ್ಲ. ಓರೆಪಟ್ಟಿಗಳಲ್ಲಿ ಒಂದನ್ನು ಮುಂಭಾಗಕ್ಕೆ, ಎದುರು ದಿಕ್ಕಿನದನ್ನು ಹಿಂಭಾಗಕ್ಕೆ ಹಾಕಿ. ಎರಡನ್ನೂ ಒಂದೇ ಮುಖಕ್ಕೆ ಹೊಡೆದರೆ ಒಂದಕ್ಕೆ ಕಚ್ಚು ಹಾಕಬೇಕಾಗುತ್ತದೆ, ನಿಜದಲ್ಲಿ ಹಾಗೆ ಮಾಡುತ್ತಿರಲಿಲ್ಲ.

ಬಣ್ಣ ಅಂಟಿಗಿಂತ ಮೊದಲು. ಅಂಟು ತಾಗಿದ ಜಾಗ ಬಣ್ಣ ಕುಡಿಯುವುದಿಲ್ಲ, ಬಿಳಿ ಕಲೆ ಉಳಿದೇ ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಕಪ್ಪು ಇಂಡಿಯನ್ ಇಂಕ್ ಕೆಲವು ಹನಿ ಬೆರೆಸಿದರೆ ಬೂದು, ಸ್ವಲ್ಪ ಕಂದು ಸೇರಿಸಿದರೆ ಕ್ರಿಯೋಸೋಟ್ (ಮರ ಕೆಡದಂತೆ ಬಳಿಯುವ ಎಣ್ಣೆ) ಬಳಿದ ಮರದ ಛಾಯೆ. ಪಟ್ಟಿಗಳನ್ನು ಸಮತಟ್ಟಾಗಿ ಹರಡಿ ಒಣಗಿಸಿ, ಒಂದೇ ಬದಿ ಒದ್ದೆಯಾದರೆ ಸೊಟ್ಟಗಾಗುತ್ತವೆ.

ಈಗ ಜೋಡಣೆಯ ಕ್ರಮ, ಇದೇ ಮುಖ್ಯ. ಕಣಿವೆ ಮೊದಲು ಮಾಡಿ ಆಮೇಲೆ ಬೆಂಟ್ ಕೂರಿಸಲು ಹೋದರೆ ಪ್ರತಿ ಸಿಲ್ ಕೆಳಗೂ ಚೂರು ತುರುಕುತ್ತ ಕೂರಬೇಕು, ಹಳಿ ಅಲೆಯಾಗುತ್ತದೆ. ಪ್ಲೈವುಡ್ ಹಾದಿಯನ್ನು ಕಣಿವೆಯ ಮೇಲೆ ಅಖಂಡವಾಗಿ ಹಾಕಿ, ರೈಲು ಓಡಿಸಿ ನೋಡಿ. ಸರಿಬಂದ ಹಳಿಯ ಗೆರೆಯನ್ನು ಕಾಗದಕ್ಕೆ ಇಳಿಸಿಕೊಂಡು, ಆಮೇಲೆ ಆ ಭಾಗ ಕತ್ತರಿಸಿ ತೆಗೆಯಿರಿ. ಆ ಕಾಗದದ ಮೇಲೆ ಸ್ಲೀಪರ್‌ಗಳನ್ನು 4.2 ಮಿ.ಮೀ. ಸಂದು ಬಿಟ್ಟು ಜೋಡಿಸಿ, ಸುಮಾರು 114 ಬೇಕು. ತಲೆಕೆಳಗಾಗಿ ಜೋಡಿಸುತ್ತೀರಿ, ಆದ್ದರಿಂದ ನಕ್ಷೆಯ ಕನ್ನಡಿ ಪ್ರತಿ ಬೇಕು, ಇಲ್ಲವಾದರೆ ಸೇತುವೆ ಎದುರು ದಿಕ್ಕಿಗೆ ಬಾಗಿರುತ್ತದೆ. ಸ್ಲೀಪರ್ ಮೇಲೆ ಸ್ಟ್ರಿಂಗರ್, ಅದರ ಮೇಲೆ ಒಂದೊಂದೇ ಬೆಂಟ್, ಮೂಲೆಮಟ್ಟ ಹಿಡಿದು. ಬೆಂಟ್‌ನಿಂದ ಬೆಂಟ್‌ಗೆ ಉದ್ದಕ್ಕೆ ಬಿಗಿಯುವ ಪಟ್ಟಿ (ಗರ್ಟ್) ಹಾಕುವುದನ್ನು ಮರೆಯಬೇಡಿ, ಅದಿಲ್ಲದೆ ಸೇತುವೆ ಉದ್ದಕ್ಕೆ ವಾಲಾಡುತ್ತದೆ. ಒಣಗಿದ ಮೇಲೆ ತಿರುಗಿಸಿ, ಎರಡು ತುದಿಗಳ ಮೇಲೆ ಕೂರಿಸಿ, ನೆಲವನ್ನು ಸಿಲ್‌ಗಳ ತನಕ ಮೇಲೆತ್ತಿ.

ಹಳಿಯ ಜೋಡಣೆ ಸೇತುವೆಯ ಮೇಲೆ ಬರದಂತೆ ನೋಡಿಕೊಳ್ಳಿ. ಎರಡೂ ದಡದಲ್ಲಿ ಬೆಸೆಯದೆ ಸಣ್ಣ ಸಂದು ಬಿಟ್ಟು, ವಿದ್ಯುತ್ತಿಗೆ ಪ್ರತ್ಯೇಕ ಫೀಡರ್ ತಂತಿ ಕೊಡಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಉಬ್ಬಿದ ಬೆಂಚಿನ ಮರ ಆಮೇಲೆ ಒಣಗಿ ಕುಗ್ಗಿದಾಗ ಸೊಟ್ಟಗಾಗುವುದು ಹಳಿಯೇ. ಒಳಗಿನ ಕಾವಲು ಹಳಿ (ಹಳಿ ತಪ್ಪಿದ ಚಕ್ರವನ್ನು ತಡೆಯುವ ಹೆಚ್ಚುವರಿ ಹಳಿ) ಓಡುವ ಹಳಿಯಿಂದ 4.5 ಮಿ.ಮೀ. ದೂರವಿರಲಿ, ಎಲ್ಲಾದರೂ ತಾಗಿದರೆ ಶಾರ್ಟ್ ಆಗಬಹುದು.

ಒಟ್ಟು ಮರ: 6.35 ಚೌಕದ್ದು 9 ಮೀಟರ್, ಸ್ಟ್ರಿಂಗರ್ 4.5, ಸ್ಲೀಪರ್ 7, ಓರೆಪಟ್ಟಿ 6 ಮೀಟರ್, ಗರ್ಟ್ ಬೇರೆ. ನಟ್-ಬೋಲ್ಟ್‌ನ ಪುಟ್ಟ ಅಚ್ಚುಗಳನ್ನು (ಕಾಸ್ಟಿಂಗ್) ಮುಂದಿನಿಂದ ಕಾಣುವ ಕಡೆ ಮಾತ್ರ ಹಾಕಿ. ನೋಡಿ ಕಲಿಯಲು ಕೊಲೊರಾಡೊದ ರಿಯೊ ಗ್ರಾಂಡೆ ಸದರ್ನ್ ರೈಲು ಮಾರ್ಗದ ಹಳೆಯ ಚಿತ್ರಗಳನ್ನು ಹುಡುಕಿ. ಒಟ್ಟೊ ಮಿಯರ್ಸ್ 1890ರ ದಶಕದ ಆರಂಭದಲ್ಲಿ ಕಟ್ಟಿಸಿದ ಮೂರಡಿ ಗೇಜ್ ಅದು, ಒಫಿರ್ ಲೂಪ್‌ನಲ್ಲಿ ಟ್ರೆಸಲ್ ಸಾಲೇ ಇತ್ತು. ಟ್ರೌಟ್ ಲೇಕ್ ಬಳಿಯದು ಇಂದಿಗೂ ನಿಂತಿದೆ. ಕತ್ತರಿಸುವ ಮುನ್ನ ಜಿಗ್‌ನ ಫೋಟೊ ಇಲ್ಲಿ ಹಾಕಿ, ಓರೆ ಸರಿಯಿದೆಯೇ ನೋಡಿ ಹೇಳುತ್ತೇನೆ.