ಕಿವಿಯ ಸಿ.ಟಿ. ಸ್ಕ್ಯಾನಿನಲ್ಲಿ ಮುಖದ ನರವನ್ನು ಗುರುತಿಸುವುದು ಹೇಗೆ?

ನರ ಸಾಗುವ ಎಲುಬಿನ ಕಾಲುವೆಯನ್ನು ಹಿಡಿದು ಹೋಗಬೇಕು. ಸಿ.ಟಿ.ಯಲ್ಲಿ ಎಲುಬು ಬೆಳ್ಳಗೆ, ಗಾಳಿ ಕಪ್ಪಗೆ ಕಾಣುತ್ತದೆ. ನರ ಮೃದು ಅಂಗಾಂಶವಾದ್ದರಿಂದ ಬಿಳಿ ಅಂಚುಗಳ ನಡುವೆ ಬೂದು ಬಣ್ಣದಲ್ಲಿ ಉಳಿಯುತ್ತದೆ.

ಶುರುಮಾಡಲು ನಂಬಿಕಸ್ಥ ಗುರುತೆಂದರೆ ಒಳಕಿವಿಯ ಪಾರ್ಶ್ವ ಅರ್ಧವೃತ್ತ ನಾಳ, ಅಂದರೆ ದೇಹದ ಸಮತೋಲನ ಕಾಯುವ ಮೂರು ನಾಳಗಳಲ್ಲಿ ಅಡ್ಡಲಾಗಿರುವುದು. ತಲೆಯನ್ನು ಎದುರಿನಿಂದ ನೋಡುವಂತಹ ಕೊರೋನಲ್ ಚಿತ್ರಗಳಲ್ಲಿ ಆ ನಾಳದ ಕೆಳಗೆ, ಮಧ್ಯಕಿವಿಯ ಪುಟ್ಟ ರಿಕಾಪು ಮೂಳೆ ಕೂರುವ ಅಂಡಾಕಾರದ ಕಿಟಕಿಯ ಮೇಲೆ ಕಾಣುವ ಸಣ್ಣ ಚುಕ್ಕೆಯೇ ನರ. ಮುಂಬದಿಯ ಚಿತ್ರಗಳಿಗೆ ಸರಿದರೆ ಕಾಕ್ಲಿಯಾದ, ಅಂದರೆ ಶಬ್ದ ಗ್ರಹಿಸುವ ಒಳಕಿವಿಯ ಸುರುಳಿಯ ಮೇಲೆ ಚುಕ್ಕೆ ಎರಡಾಗುತ್ತದೆ, ಬಸವನಹುಳುವಿನ ಕಣ್ಣುಗಳ ಹಾಗೆ. ನರ ಅಲ್ಲಿ ಥಟ್ಟನೆ ಹಿಂದಕ್ಕೆ ಹೊರಳುವುದರಿಂದ ತಿರುವಿನ ಎರಡೂ ಬದಿ ಒಂದೇ ಚಿತ್ರದಲ್ಲಿ ಸಿಕ್ಕಿಬೀಳುತ್ತವೆ. ಹಿಂಬದಿಗೆ ಹೋದರೆ ಎರಡನೇ ತಿರುವು. ಅಲ್ಲಿಂದ ನರ ಕೆಳಗಿಳಿದು ತಲೆಬುರುಡೆಯ ತಳದ ರಂಧ್ರದಿಂದ ಹೊರಬೀಳುತ್ತದೆ.

ಒಂದೇ ಚಿತ್ರ ನೋಡಿ ತೀರ್ಮಾನಿಸುವುದು ಅಪಾಯ. ಅಂಡಾಕಾರದ ಕಿಟಕಿಯ ಬಳಿ ಕಾಲುವೆಯ ಗೋಡೆ ಬಲು ತೆಳು, ಕೆಲವರಲ್ಲಿ ಇರುವುದೇ ಇಲ್ಲ. ಮಧ್ಯಕಿವಿಯಲ್ಲಿ ಕೀವು ತುಂಬಿದ್ದರಂತೂ ಎಲ್ಲವೂ ಒಂದೇ ಬೂದು ಬಣ್ಣ. ನರಕ್ಕೇ ಉರಿಯೂತವಾಗಿದೆಯೇ ಎಂದು ನೋಡಬೇಕಿದ್ದರೆ ಎಂ.ಆರ್.ಐ. ಬೇಕು.